ಕೋಣೆ ಕೊಂಡವರಿಗೆ ಗೇಟಿನಲ್ಲೂ ಕೊಸರು ಬೇಕೇ?

ಫ್ಲಾರಿಡಾದ ಕಿಸಿಮ್ಮಿಯ 192ನೇ ಹೆದ್ದಾರಿಯಲ್ಲಿ ಡಿಸ್ನಿ ವರ್ಲ್ಡ್ ಕಡೆಗೆ ಹೋಗುತ್ತಿದ್ದರೆ ರಸ್ತೆ ಬದಿಯಲ್ಲಿ ಸಾಲಾಗಿ ಟಿಕೆಟ್ ಅಂಗಡಿಗಳು ಸಿಗುತ್ತವೆ. ಥೀಮ್ ಪಾರ್ಕ್ ಟಿಕೆಟ್ ಅಗ್ಗಕ್ಕೆ ಸಿಗುತ್ತದೆ ಅಂತ ದೊಡ್ಡ ಅಕ್ಷರದ ಬೋರ್ಡುಗಳು. ಎಷ್ಟೋ ಕಡೆ ಒಳಗೆ ಹೋಗಿ ಕೇಳಿದ ಮೇಲೆ ಷರತ್ತು ಗೊತ್ತಾಗುತ್ತದೆ. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಯಾವುದೋ ರೆಸಾರ್ಟಿಗೆ ಹೋಗಬೇಕು. ಅವರು ಕೊಟ್ಟ ತಿಂಡಿ ತಿಂದು, ಒಂದೂವರೆ ಗಂಟೆ ಟೈಮ್‌ಶೇರ್, ಅಂದರೆ ರೆಸಾರ್ಟಿನ ಕೋಣೆಯನ್ನು ವರ್ಷಕ್ಕೆ ಇಷ್ಟು ದಿನ ಅಂತ ಬಳಸುವ ಹಕ್ಕು, ಮಾರುವವರ ಮಾತು ಕೇಳಬೇಕು. ಕೊಳ್ಳಲೇಬೇಕು ಅಂತೇನಿಲ್ಲ. "ಬೇಡ" ಅಂತ ನಾಲ್ಕೈದು ಸಲ ಗಟ್ಟಿಯಾಗಿ ಹೇಳುವ ಧೈರ್ಯ ಇದ್ದರೆ ಸಾಕು, ಅಗ್ಗದ ಟಿಕೆಟ್ ಕೈಗೆ ಬರುತ್ತದೆ.

ಅಂದರೆ ಡಿಸ್ನಿ ವರ್ಲ್ಡ್ ಇರುವ ಈ ಒರ್ಲಾಂಡೊ ಕಡೆ ಟೈಮ್‌ಶೇರ್ ಬೇಡ ಎಂದವರಿಗೆ ಪಾರ್ಕ್ ಟಿಕೆಟ್ ಅಗ್ಗ. ಬೇಕು ಎಂದು ಹತ್ತಾರು ಸಾವಿರ ಡಾಲರ್ ಸುರಿದವರು ಟಿಕೆಟಿಗೆ ಎಲ್ಲರಂತೆ ಪೂರ್ತಿ ಬೆಲೆ ಕೊಡಲು ಸಿದ್ಧರಾಗಿರಬೇಕು.

ಆ ಅಂಗಡಿಗಳು ಬೇರೆ ಕಂಪನಿಗಳವು, ಡಿಸ್ನಿಯವಲ್ಲ. ಆದರೂ ಡಿಸ್ನಿಯ ಟೈಮ್‌ಶೇರ್ ಕೊಂಡವರ ಹೊಟ್ಟೆ ಉರಿಸಲು ಆ ಬೋರ್ಡುಗಳು ಸಾಕು.

ನಾನು ಇರುವುದು ಟ್ಯಾಂಪಾದಲ್ಲಿ. ಅಲ್ಲಿಂದ ಡಿಸ್ನಿಗೆ ಗಂಟೆ ಚಿಲ್ಲರೆ ದಾರಿ. ಹಾಗಾಗಿ ನ್ಯೂಜೆರ್ಸಿ, ಷಿಕಾಗೊ ಕಡೆಯ ಸ್ನೇಹಿತರು ಮಕ್ಕಳನ್ನು ಕರೆದುಕೊಂಡು ಬಂದಾಗ ಒಂದು ರಾತ್ರಿಯ ಊಟ ನಮ್ಮಲ್ಲಿ. ಅವರಲ್ಲಿ ಕೆಲವರು ಡಿಸ್ನಿ ವೆಕೇಶನ್ ಕ್ಲಬ್ಬಿನ, ಅಂದರೆ ಡಿಸ್ನಿಯದೇ ಟೈಮ್‌ಶೇರಿನ, ಮೆಂಬರ್‌ಗಳು. ಬಿಸಿಬೇಳೆಬಾತ್ ತಟ್ಟೆಗೆ ಬೀಳುವಷ್ಟರಲ್ಲಿ ಮಾತು ಅಲ್ಲಿಗೇ ಬರುತ್ತದೆ. ಸವಲತ್ತು ಒಂದೊಂದೇ ಕಡಿಮೆಯಾಗಿದೆ, ಟಿಕೆಟ್‌ನಲ್ಲಾದರೂ ನಮಗೊಂದು ರಿಯಾಯಿತಿ ಬೇಡವೇ ಅಂತ.

ನನ್ನ ಉತ್ತರ ಅವರಿಗೆ ರುಚಿಸುವುದಿಲ್ಲ. ಹಕ್ಕು ಅಂತ ಕೇಳುವುದಾದರೆ ಇಲ್ಲ ಎನ್ನುತ್ತೇನೆ. ಆದರೆ ಅವರ ಕೋಪ ಸುಮ್ನೆ ಬಂದದ್ದಲ್ಲ ಅನ್ನುವುದನ್ನೂ ಒಪ್ಪುತ್ತೇನೆ. ಊಟದ ಮೇಜಿನಲ್ಲಿ ಇಷ್ಟನ್ನೂ ಬಿಡಿಸಿ ಹೇಳಲು ಆಗುವುದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಈ ಕ್ಲಬ್ ಶುರುವಾದದ್ದು 1991ರಲ್ಲಿ. ಅದರ ಮೊದಲ ರೆಸಾರ್ಟ್ ಇವತ್ತಿನ ಓಲ್ಡ್ ಕೀ ವೆಸ್ಟ್. ಅಲ್ಲಿಯವರೆಗಿನ ಮಾಮೂಲಿ ಟೈಮ್‌ಶೇರ್‌ನಲ್ಲಿ ವರ್ಷದ ಗೊತ್ತಾದ ಒಂದು ವಾರ ನಿಮ್ಮದಾಗುತ್ತಿತ್ತು. ಡಿಸ್ನಿ ವಾರ ಮಾರುವ ಬದಲು ಪಾಯಿಂಟು ಮಾರಿತು. ವರ್ಷಕ್ಕೆ ಇಷ್ಟು ಅಂತ ಪಾಯಿಂಟು ನಿಮ್ಮ ಖಾತೆಗೆ ಬರುತ್ತದೆ. ಯಾವ ತಿಂಗಳು, ಎಷ್ಟು ದೊಡ್ಡ ಕೋಣೆ ಅನ್ನುವುದರ ಮೇಲೆ ಅದು ಖರ್ಚಾಗುತ್ತದೆ. ಉಳಿದದ್ದನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಬಹುದು. ಮುಂದಿನ ವರ್ಷದ್ದನ್ನು ಈಗಲೇ ಎಳೆದುಕೊಳ್ಳಲೂಬಹುದು. ನೀವು ಕೊಂಡ ರೆಸಾರ್ಟಿನಲ್ಲಿ ಹನ್ನೊಂದು ತಿಂಗಳು ಮೊದಲೇ ಕೋಣೆ ಕಾದಿರಿಸಬಹುದು, ಕ್ಲಬ್ಬಿನ ಬೇರೆ ರೆಸಾರ್ಟುಗಳಲ್ಲಿ ಏಳು ತಿಂಗಳು ಮೊದಲು. ವ್ಯವಸ್ಥೆ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ.

ಕಾಗದದಲ್ಲಿ ಇದು ಆಸ್ತಿ. ನೋಂದಣಿಯಾದ ಪತ್ರ ಇರುತ್ತದೆ. ಆದರೆ ನೆಲ ಕಂಪನಿಯದೇ. ನಿಮಗಿರುವುದು ಕಟ್ಟಡದಲ್ಲಿ ಒಂದು ಸಣ್ಣ ಪಾಲು, ಅದೂ ಒಂದು ಅವಧಿಯವರೆಗೆ. ಓಲ್ಡ್ ಕೀ ವೆಸ್ಟ್‌ನ ಮೂಲ ಕರಾರು 2042ರ ಜನವರಿ 31ಕ್ಕೆ ಮುಗಿಯುತ್ತದೆ. ಶುರುವಿನಲ್ಲಿ ಒಂದು ಪಾಯಿಂಟಿಗೆ ಸುಮಾರು 50 ಡಾಲರ್ ಇತ್ತು. ಈಗ ಹೊಸ ರೆಸಾರ್ಟುಗಳಲ್ಲಿ 200 ದಾಟಿದೆ. ಕೊಂಡ ಮೇಲೆ ಪ್ರತಿ ವರ್ಷ ಡ್ಯೂಸ್ ಕಟ್ಟಬೇಕು. ಕೋಣೆಯ ರಿಪೇರಿ, ಆಸ್ತಿ ತೆರಿಗೆ, ಈಜುಕೊಳದ ನೀರು, ಬಸ್ಸಿನ ಖರ್ಚು ಎಲ್ಲ ಅದರಲ್ಲೇ. ನೀವು ಆ ವರ್ಷ ಹೋಗಲಿ ಬಿಡಲಿ, ಕಟ್ಟಲೇಬೇಕು.

ಇಷ್ಟೆಲ್ಲ ಕೊಟ್ಟು ಪಡೆದದ್ದು ಕೋಣೆ. ಪಾರ್ಕಿನ ಗೇಟು ಇದರಲ್ಲಿ ಸೇರಿಲ್ಲ. ಹೊಸದಾಗಿ ಕೇಳುವವರು ಇಲ್ಲೇ ತಬ್ಬಿಬ್ಬಾಗುತ್ತಾರೆ. "ಡಿಸ್ನಿಯಲ್ಲೇ ಮನೆ ಇದ್ದಹಾಗಲ್ವಾ, ಪಾರ್ಕಿಗೆ ಬೇರೆ ದುಡ್ಡು ಯಾಕೆ?" ಅಂತ ಊರಿಂದ ಬಂದ ನಮ್ಮ ಮಾವ ಕೇಳಿದ್ದರು. ಕೋಣೆಯ ಲೆಕ್ಕವೇ ಬೇರೆ, ಗೇಟಿನ ಲೆಕ್ಕವೇ ಬೇರೆ ಅಂತ ಹೇಳಿದೆ. "ಹಾಗಿದ್ರೆ ಕೋಣೆ ಯಾಕೆ ತಗೊಂಡ್ರು?" ಅಂದರು. ಅವರು ಬ್ಯಾಂಕಿನಲ್ಲಿ ಇದ್ದವರು.

ಒಂದು ಕಾಲದಲ್ಲಿ ಗೇಟೂ ಸೇರಿತ್ತು. ಮೊದಮೊದಲು ಕೊಂಡವರಿಗೆ, ತಮ್ಮ ಪಾಯಿಂಟಿನ ಮೇಲೆ ಬಂದು ಉಳಿಯುವ ದಿನಗಳಿಗೆ, ಪಾರ್ಕ್ ಪ್ರವೇಶ ಉಚಿತವಾಗಿತ್ತು. ಆ ಏರ್ಪಾಡು 1999ರ ಕೊನೆಯವರೆಗೆ. ಟೈಮ್‌ಶೇರ್ ಅಂದರೆ ಜನ ಮೂಗು ಮುರಿಯುತ್ತಿದ್ದ ಕಾಲ ಅದು. ಹೊಸ ಕ್ಲಬ್ಬಿಗೆ ಜನ ಬೇಕಿತ್ತು. ಹಾಗಾಗಿ ಟಿಕೆಟ್ ಕೊಟ್ಟರು, ಕೊಡುವಾಗಲೇ ಎಲ್ಲಿಯವರೆಗೆ ಅಂತ ಹೇಳಿದರು, ಆ ದಿನ ಬಂದಾಗ ನಿಲ್ಲಿಸಿದರು. ಕ್ಲಬ್ಬಿನ ಇತಿಹಾಸದಲ್ಲಿ ಟಿಕೆಟ್ ವಿಷಯಕ್ಕೆ ನಡೆದ ಅತ್ಯಂತ ನೇರವಾದ ವ್ಯವಹಾರ ಇದು ಅಂತ ನನ್ನ ಅಭಿಪ್ರಾಯ. ದಿನಾಂಕ ಇತ್ತು. ಕೊಂಡವರು ಅದನ್ನು ಲೆಕ್ಕಕ್ಕೆ ಹಾಕಿಕೊಳ್ಳಬಹುದಿತ್ತು.

ಆಮೇಲೆ ಬಂದ ಸವಲತ್ತುಗಳಿಗೆ ದಿನಾಂಕ ಇಲ್ಲ. ವಾರ್ಷಿಕ ಪಾಸಿನಲ್ಲಿ ರಿಯಾಯಿತಿ, ಕೆಲವು ಹೋಟೆಲು ಅಂಗಡಿಗಳಲ್ಲಿ ರಿಯಾಯಿತಿ, ಡಿಸ್ನಿಯ ಎಪ್ಕಾಟ್ ಪಾರ್ಕಿನಲ್ಲಿ ಮೆಂಬರ್‌ಗಳಿಗೆಂದೇ ಒಂದು ಲೌಂಜ್, ಕೆಲವು ರಾತ್ರಿ ಪಾರ್ಕ್ ಮುಚ್ಚಿದ ಮೇಲೆ ಮೆಂಬರ್‌ಗಳಿಗೆ ಮಾತ್ರ ಪಾರ್ಟಿ. ಎಲ್ಲದರ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದೇ ಸಾಲು. ಯಾವಾಗ ಬೇಕಾದರೂ ಬದಲಾಗಬಹುದು, ನಿಲ್ಲಬಹುದು.

ಮತ್ತೆ ಅದು ಬದಲಾಗುತ್ತಲೇ ಹೋಯಿತು. 2011ರ ಮಾರ್ಚ್ 21ರ ನಂತರ ಹಳೆಯ ಮೆಂಬರ್‌ಗಳಿಂದ, ಅಂದರೆ ರೀಸೇಲ್‌ನಲ್ಲಿ, ಪಾಯಿಂಟು ಕೊಂಡವರು ಅದನ್ನು ಡಿಸ್ನಿಯ ಹಡಗು ಪ್ರವಾಸಕ್ಕೆ ಬಳಸುವಂತಿಲ್ಲ ಅಂತಾಯಿತು. 2016ರ ಏಪ್ರಿಲ್ 4ರ ನಂತರ ರೀಸೇಲ್‌ನಲ್ಲಿ ಕೊಂಡವರಿಗೆ ರಿಯಾಯಿತಿ, ಲೌಂಜ್, ಪಾರ್ಟಿ ಯಾವುದೂ ಇಲ್ಲ. ಕಂಪನಿಯಿಂದ ನೇರವಾಗಿ ಕೊಂಡವರಿಗೆ ನೀಲಿ ಕಾರ್ಡು, ಇವರಿಗೆ ಬಿಳಿ ಕಾರ್ಡು ಅಂತ ಮೆಂಬರ್‌ಗಳ ನಡುವೆ ಮಾತು ಹುಟ್ಟಿದ್ದು ಹೀಗೆ. ಆಮೇಲೆ ನೇರ ಕೊಳ್ಳುವವರಿಗೂ ಇಷ್ಟು ಪಾಯಿಂಟು ಇದ್ದರೆ ಮಾತ್ರ ನೀಲಿ ಅಂತ ಮಿತಿ ಬಂತು, ಆ ಮಿತಿ ಏರುತ್ತಾ 150ಕ್ಕೆ ಬಂದು ನಿಂತಿತು. 2019ರ ಜನವರಿ 19 ಇನ್ನೊಂದು ಗೆರೆ. ಅದಾದ ಮೇಲೆ ಮೊದಲ ಹದಿನಾಲ್ಕು ರೆಸಾರ್ಟುಗಳ ಪಾಯಿಂಟನ್ನು ರೀಸೇಲ್‌ನಲ್ಲಿ ಕೊಂಡರೆ ಹೊಸ ರಿವಿಯೆರಾ ರೆಸಾರ್ಟಿನಲ್ಲಿ ಉಳಿಯಲು ಆಗುವುದಿಲ್ಲ. ರಿವಿಯೆರಾವನ್ನೇ ರೀಸೇಲ್‌ನಲ್ಲಿ ಕೊಂಡರೆ ರಿವಿಯೆರಾ ಬಿಟ್ಟು ಬೇರೆ ಎಲ್ಲೂ ಆಗುವುದಿಲ್ಲ.

ಇದರ ಜೊತೆಗೆ ಕೊರೊನಾ ಬಂತು. 2020ರ ಮಾರ್ಚ್‌ನಲ್ಲಿ ಮುಚ್ಚಿದ ಫ್ಲಾರಿಡಾದ ಪಾರ್ಕುಗಳು ಜುಲೈನಲ್ಲಿ ತೆರೆದವು. ಆದರೆ ತೆರೆದದ್ದು ಬೇರೆಯೇ ಡಿಸ್ನಿ. ವಿಮಾನ ನಿಲ್ದಾಣದಿಂದ ರೆಸಾರ್ಟಿಗೆ ಇದ್ದ ಉಚಿತ ಬಸ್ಸು 2022ರ ಶುರುವಿಗೆ ನಿಂತಿತು. ಸಾಲು ತಪ್ಪಿಸಲು ಉಚಿತವಾಗಿ ಸಿಗುತ್ತಿದ್ದ ಫಾಸ್ಟ್‌ಪಾಸ್ ಹೋಗಿ, 2021ರ ಅಕ್ಟೋಬರ್‌ನಲ್ಲಿ ದಿನಕ್ಕೆ ತಲೆಗೆ 15 ಡಾಲರಿನ ಜೀನಿ ಪ್ಲಸ್ ಬಂತು. ಇವೆಲ್ಲ ಮೆಂಬರ್‌ಗಳಿಗೆ ಮಾತ್ರ ಬಿದ್ದ ಏಟಲ್ಲ, ಎಲ್ಲರಿಗೂ ಬಿತ್ತು. ಆದರೆ ಮೆಂಬರ್ ಐವತ್ತು ವರ್ಷಕ್ಕೆ ಸಹಿ ಹಾಕಿದವನು. ಬೇರೆಯವರು ಈ ವರ್ಷ ಬೇಡ ಬಿಡು ಅಂತ ಯೆಲ್ಲೋಸ್ಟೋನ್‌ಗೆ ಹೋಗಬಹುದು.

ಟಿಕೆಟ್ ಬೆಲೆ ಹೇಗೆ ಏರಿತು ಅಂತ ಎಲ್ಲರಿಗೂ ಗೊತ್ತು. 1971ರಲ್ಲಿ ಡಿಸ್ನಿ ವರ್ಲ್ಡಿನ ಮೊದಲ ಪಾರ್ಕ್ ಮ್ಯಾಜಿಕ್ ಕಿಂಗ್‌ಡಮ್ ತೆರೆದಾಗ ಪ್ರವೇಶ ಮೂರೂವರೆ ಡಾಲರ್, ರೈಡುಗಳ ಕೂಪನ್ ಬೇರೆ. 2015ರಲ್ಲಿ ಒಂದು ದಿನದ ಟಿಕೆಟ್ ಮೊದಲ ಸಲ ನೂರು ದಾಟಿ 105 ಆಯಿತು. 2018ರ ಅಕ್ಟೋಬರ್‌ನಿಂದ ದಿನಕ್ಕೊಂದು ಬೆಲೆ. 2022ರ ಡಿಸೆಂಬರ್ ಹೊತ್ತಿಗೆ ಜನ ಕಿಕ್ಕಿರಿಯುವ ದಿನಗಳಲ್ಲಿ ಅದೇ ಪಾರ್ಕಿಗೆ 189 ಡಾಲರ್. ಹತ್ತು ವರ್ಷ ತುಂಬಿದವರೆಲ್ಲ ದೊಡ್ಡವರ ಲೆಕ್ಕ. ಹಿರಿಯ ನಾಗರಿಕರಿಗೆ ಅಂತ ಕಡಿಮೆ ಬೆಲೆಯ ಟಿಕೆಟ್ ಇಲ್ಲ. ಮೈಸೂರಿನಿಂದ ಬಂದ ಅಜ್ಜಿ ಪಾರ್ಕಿನ ಸುತ್ತ ಓಡುವ ರೈಲಿನಲ್ಲಿ ಒಂದು ಸುತ್ತು ಹೊಡೆದು, ಉಳಿದ ದಿನವೆಲ್ಲ ನೆರಳಿನ ಬೆಂಚಿನಲ್ಲಿ ಮೊಮ್ಮಕ್ಕಳ ನೀರಿನ ಬಾಟಲಿ ಕಾಯುತ್ತಾ ಕೂತರೂ ಇಪ್ಪತ್ತರ ಹುಡುಗನಷ್ಟೇ ದುಡ್ಡು. ನನ್ನನ್ನು ಕೇಳಿದರೆ ಮೊದಲ ರಿಯಾಯಿತಿ ಆ ಅಜ್ಜಿಗೆ ಸಿಗಬೇಕು. ಯಾರೂ ಕೇಳುವುದಿಲ್ಲ.

ಹಾಗಾದರೆ ಈಗ ರಿಯಾಯಿತಿ ಯಾರಿಗಿದೆ? ನನಗೆ ಇದೆ. ನಾನು ಡಿಸ್ನಿಗೆ ಬಿಡಿಗಾಸು ಬಂಡವಾಳ ಹಾಕಿಲ್ಲ. ಫ್ಲಾರಿಡಾದ ಡ್ರೈವಿಂಗ್ ಲೈಸೆನ್ಸ್ ಇದೆ, ಅಷ್ಟೇ. ಹೊರಗಿನವರಿಗೆ ಸಿಗದ ಆಫರ್‌ಗಳು ನಮಗೆ ಸಿಗುತ್ತವೆ. ಸೈನಿಕರಿಗೆ, ನಿವೃತ್ತ ಸೈನಿಕರಿಗೆ ಬಹಳ ಕಡಿಮೆ ಬೆಲೆಯ ಟಿಕೆಟ್ ಇದೆ. ಒರ್ಲಾಂಡೊಗೆ ಸಮ್ಮೇಳನಕ್ಕೆ ಬರುವವರಿಗೆ ಬೇರೆ ದರ. ಇಂಗ್ಲೆಂಡಿನಿಂದ ಎರಡು ವಾರಕ್ಕೆ ಬರುವವರಿಗೆ ಬೇರೆ ಪ್ಯಾಕೇಜು.

"ನೀವು ಇಲ್ಲೇ ಇರೋರು, ನಿಮಗೇನು ಬಿಡಿ" ಅಂತ ನ್ಯೂಜೆರ್ಸಿಯ ಸ್ನೇಹಿತೆ ಹೇಳಿದಾಗ ನನ್ನ ಹತ್ತಿರ ಜವಾಬಿರಲಿಲ್ಲ. 2021ರಲ್ಲಿ ನಡೆದದ್ದನ್ನು ನೋಡಿ. ಆ ಸೆಪ್ಟೆಂಬರ್‌ನಲ್ಲಿ ವಾರ್ಷಿಕ ಪಾಸುಗಳಿಗೆ ಹೊಸ ಹೆಸರು ಬಂತು. ಎಲ್ಲರೂ ಕೊಳ್ಳಬಹುದಾದ ಪಾಸಿಗೆ 1,299 ಡಾಲರ್. ಅದಕ್ಕಿಂತ ಕೆಳಗಿನ ಸಾರ್ಸರರ್ ಪಾಸ್ 899, ಅದು ಫ್ಲಾರಿಡಾದವರಿಗೆ ಮತ್ತು ಕ್ಲಬ್ ಮೆಂಬರ್‌ಗಳಿಗೆ ಮಾತ್ರ. ಇದೇ ಮೆಂಬರ್‌ಗಳ ದೊಡ್ಡ ಸವಲತ್ತು. ನವೆಂಬರ್‌ನಲ್ಲಿ ಹೊಸಬರಿಗೆ ಆ ಎರಡು ಪಾಸುಗಳ ಮಾರಾಟವನ್ನು ನಿಲ್ಲಿಸಿದರು. ಫ್ಲಾರಿಡಾದವರಿಗೆ ಮಾತ್ರ ಇದ್ದ ಅತಿ ಅಗ್ಗದ ಪಾಸ್ ಮಾತ್ರ ಸಿಗುತ್ತಿತ್ತು. ಉಳಿದವು ಮತ್ತೆ ಬಂದದ್ದು 2023ರ ಏಪ್ರಿಲ್‌ನಲ್ಲಿ. ಅಂದರೆ ಸುಮಾರು ಒಂದೂವರೆ ವರ್ಷ, ಮೂವತ್ತು ಸಾವಿರ ಡಾಲರ್ ಹಾಕಿದ ಹೊರ ರಾಜ್ಯದ ಮೆಂಬರ್‌ಗೆ ಹೊಸ ಪಾಸ್ ಇಲ್ಲ. ಏನೂ ಹಾಕದ ನನಗೆ ಒಂದಾದರೂ ಇತ್ತು.

ಇದು ಅನ್ಯಾಯವೇ? ನೋಡಲು ಹಾಗೆ ಕಾಣುತ್ತದೆ, ಒಪ್ಪುತ್ತೇನೆ. ಆದರೆ ಕಂಪನಿ ಹೀಗೇಕೆ ಮಾಡುತ್ತದೆ ಅಂತ ಯೋಚಿಸಿದರೆ ಉತ್ತರ ಸರಳ. ನಾನು ಬರದೇ ಇರಬಹುದು. ಟ್ಯಾಂಪಾದಲ್ಲಿ ನನಗೆ ಸಮುದ್ರ ಇದೆ, ಬೇರೆ ಪಾರ್ಕಿದೆ, ಸುಮ್ನೆ ಮನೆಯಲ್ಲಿ ಮಲಗುವ ಶನಿವಾರಗಳಿವೆ. ಬೆಲೆ ಇಳಿಸದಿದ್ದರೆ ನಾನು ಆ ಕಡೆ ತಲೆ ಹಾಕುವುದಿಲ್ಲ. ಶಾಲೆ ಶುರುವಾಗಿ ಜನ ಕಡಿಮೆಯಾದ ಸೆಪ್ಟೆಂಬರ್‌ನ ಮಂಗಳವಾರ ನನ್ನನ್ನು ಕರೆಸಿದರೆ ಅವರಿಗೆ ಲಾಭ. ನನ್ನ ಸ್ನೇಹಿತೆ ಬಂದೇ ಬರುತ್ತಾಳೆ. ಪಾಯಿಂಟು ಬಳಸದಿದ್ದರೆ ಹಾಳಾಗುತ್ತದೆ, ಡ್ಯೂಸ್ ಕಟ್ಟಿಯಾಗಿದೆ, ಕೋಣೆ ಕಾಯುತ್ತಿದೆ. ಬಂದ ಮೇಲೆ ಮಕ್ಕಳನ್ನು ಗೇಟಿನ ಹೊರಗೆ ನಿಲ್ಲಿಸಲು ಆಗುತ್ತದೆಯೇ? ಅವಳಿಗೆ ಬೆಲೆ ಇಳಿಸಿದರೆ ಕಂಪನಿಗೆ ಒಂದು ಟಿಕೆಟ್ಟೂ ಜಾಸ್ತಿ ಮಾರಾಟವಾಗುವುದಿಲ್ಲ.

ರಿಯಾಯಿತಿ ನಿಷ್ಠೆಗೆ ಸಿಗುವ ಬಹುಮಾನ ಅಂತ ನಾವು ತಿಳಿದಿರುತ್ತೇವೆ. ವ್ಯಾಪಾರದಲ್ಲಿ ಅದು ಅನುಮಾನಿಸುವವರಿಗೆ ಸಿಗುವುದು. ಸಂತೆಯಲ್ಲಿ ತರಕಾರಿಯವಳು ಒಂದು ಹಿಡಿ ಕೊತ್ತಂಬರಿ ಕೊಸರು ಹಾಕುವುದು ಪಕ್ಕದ ಅಂಗಡಿ ಕಡೆ ಕಣ್ಣು ಹಾಯಿಸುವ ಗಿರಾಕಿಗೆ. ಐವತ್ತು ವರ್ಷದ ತರಕಾರಿಗೆ ಮುಂಗಡ ಕೊಟ್ಟವರಿಗೆ ಅವಳು ಕೊಸರು ಹಾಕಬೇಕಾದರೆ ಒಳ್ಳೆಯ ಮನಸ್ಸೇ ಕಾರಣವಾಗಬೇಕು. ದೊಡ್ಡ ಕಂಪನಿಯ ಲೆಕ್ಕಪತ್ರದಲ್ಲಿ ಒಳ್ಳೆಯ ಮನಸ್ಸಿಗೆ ಕಾಲಂ ಇಲ್ಲ. ಪಾರ್ಕು, ಹಡಗು, ಆಟಿಕೆ ಎಲ್ಲ ಸೇರಿದ ಡಿಸ್ನಿಯ ವಿಭಾಗ 2024ರ ಹಣಕಾಸು ವರ್ಷದಲ್ಲಿ 9 ಬಿಲಿಯನ್ ಡಾಲರಿಗೂ ಹೆಚ್ಚು ಕಾರ್ಯಾಚರಣೆ ಲಾಭ ಮಾಡಿತು. ಕೊಡಲು ಆಗದು ಅಂತಲ್ಲ. ಕೊಡಬೇಕಾದ ಒತ್ತಡ ಇಲ್ಲ.

ಕಾನೂನು ಏನು ಹೇಳುತ್ತದೆ? ಇದು ಒಣ ವಿಷಯ, ಆದರೆ ಜಗಳದ ಗಂಟು ಇರುವುದು ಇಲ್ಲೇ. ಫ್ಲಾರಿಡಾದ ಶಾಸನದ 721ನೇ ಅಧ್ಯಾಯ ಟೈಮ್‌ಶೇರ್‌ಗೆ ಸಂಬಂಧಿಸಿದ್ದು. ಕೋಣೆಯ ಜೊತೆಗೆ ಕೊಳ್ಳುವವರನ್ನು ಸೆಳೆಯಲು ಕೊಡುವ ರಿಯಾಯಿತಿ, ಉಡುಗೊರೆ ಇಂಥವುಗಳಿಗೆ ಅದರಲ್ಲಿ ಪ್ರತ್ಯೇಕ ನಿಯಮ ಇದೆ. ಮುಖ್ಯವಾದ ಎರಡು ಮಾತು: ಈ ಸವಲತ್ತು ಮುಂದೆ ಇರದಿದ್ದರೂ ನೀವು ಕೊಂಡ ಕೋಣೆಯನ್ನು ಬಳಸಲು ಅಡ್ಡಿಯಿಲ್ಲ ಅಂತಿರಬೇಕು. ಮತ್ತೆ, ಅದರ ಖರ್ಚನ್ನು ಎಲ್ಲ ಮಾಲೀಕರ ಸಾಮಾನ್ಯ ಖರ್ಚಿಗೆ ಸೇರಿಸುವಂತಿಲ್ಲ.

ಎರಡನೆಯದನ್ನು ಮೆಂಬರ್‌ಗಳು ಗಮನಿಸುವುದಿಲ್ಲ. "ನಾವು ಇಷ್ಟು ಡ್ಯೂಸ್ ಕಟ್ಟುತ್ತೇವೆ, ಟಿಕೆಟ್‌ನಲ್ಲಿ ಬಿಡಲಿ" ಅನ್ನುತ್ತಾರೆ. ಡ್ಯೂಸ್‌ನಲ್ಲಿ ಒಂದು ಪೈಸೆಯೂ ಗೇಟಿಗೆ ಹೋಗುವುದಿಲ್ಲ, ಹೋಗಲೂಬಾರದು. ಯಾಕೆಂದರೆ ಎಲ್ಲ ಮೆಂಬರ್‌ಗೂ ಗೇಟು ಬೇಕಿಲ್ಲ. ಕ್ಲಬ್ಬಿನ ವೀರೋ ಬೀಚ್ ರೆಸಾರ್ಟ್ ಇರುವುದು ಫ್ಲಾರಿಡಾದ ಪೂರ್ವ ಕರಾವಳಿಯಲ್ಲಿ. ಹಿಲ್ಟನ್ ಹೆಡ್ ಸೌತ್ ಕ್ಯಾರೊಲಿನಾದಲ್ಲಿ, ಔಲಾನಿ ಹವಾಯಿಯಲ್ಲಿ. ಈ ಮೂರು ಕಡೆಯೂ ಪಾರ್ಕಿಲ್ಲ, ಸಮುದ್ರ ಇದೆ. ಔಲಾನಿಯಲ್ಲಿ ಮರಳಿನ ಮೇಲೆ ಮಲಗಲು ಪಾಯಿಂಟು ಕೊಂಡವನು ಒರ್ಲಾಂಡೊಗೆ ಹೋಗುವ ಇನ್ನೊಬ್ಬನ ಟಿಕೆಟ್‌ಗೆ ದುಡ್ಡು ಕೊಡಬೇಕೇ? ಹಾಗಾಗಿ ಟಿಕೆಟ್ ರಿಯಾಯಿತಿ ಬಂದರೆ ಅದು ಮಾರುವ ಕಂಪನಿಯ ಜೇಬಿನಿಂದಲೇ ಬರಬೇಕು. ಜೇಬು ಅವರದ್ದು ಅಂದ ಮೇಲೆ ಯಾರಿಗೆ, ಎಷ್ಟು ದಿನ ಅನ್ನುವುದೂ ಅವರದ್ದೇ.

ಇನ್ನೊಂದು ಲೆಕ್ಕ. ನಾಲ್ಕು ಜನರ ಮನೆ, ಐದು ದಿನದ ಪಾರ್ಕು. ಹಲವು ದಿನದ ಟಿಕೆಟ್ ಆದ್ದರಿಂದ ದಿನಕ್ಕೆ ತಲೆಗೆ 130 ಡಾಲರ್ ಅಂತ ಇಟ್ಟುಕೊಳ್ಳೋಣ. ಒಟ್ಟು 2,600. ಶೇಕಡಾ 10 ರಿಯಾಯಿತಿ ಕೊಟ್ಟರೆ ಉಳಿತಾಯ 260. ಅದೇ ಮನೆಯವರ ಹತ್ತಿರ 150 ಪಾಯಿಂಟಿದ್ದು, ಪಾಯಿಂಟಿಗೆ 9 ಡಾಲರ್ ಡ್ಯೂಸ್ ಅಂದರೆ ವರ್ಷಕ್ಕೆ 1,350. ಡ್ಯೂಸ್ ವರ್ಷಕ್ಕೆ ಶೇಕಡಾ 4ರಂತೆ ಏರಿದರೆ ಐದು ವರ್ಷದಲ್ಲಿ ಸುಮಾರು 290 ಡಾಲರ್ ಜಾಸ್ತಿಯಾಗುತ್ತದೆ. ಬಡಿದಾಡಿ ಪಡೆದ ರಿಯಾಯಿತಿ ಸದ್ದಿಲ್ಲದೆ ಅಲ್ಲಿಗೇ ಹೋಯಿತು. ನನ್ನ ಸ್ನೇಹಿತರು ಕಾರ್ಡಿನ ಬಣ್ಣದ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ. ರೆಸಾರ್ಟಿನ ಬಜೆಟ್ ಮೆಂಬರ್‌ಗಳ ಮುಂದೆ ಬಂದಾಗ ತೆರೆದು ನೋಡಿದವರನ್ನು ನಾನು ಇನ್ನೂ ಕಂಡಿಲ್ಲ.

ಆದರೆ 260 ಡಾಲರಿನ ಪ್ರಶ್ನೆ ಇದಲ್ಲ ಅಂತ ನನಗೂ ಗೊತ್ತು. ಮಾರುವಾಗ ಅವರಿಗೆ ಹೇಳಿದ್ದು "ಮನೆಗೆ ಸ್ವಾಗತ" ಅಂತ. ರೆಸಾರ್ಟಿನ ಕೌಂಟರಿನಲ್ಲಿ ಈಗಲೂ ಹಾಗೇ ಸ್ವಾಗತಿಸುತ್ತಾರೆ. ಮನೆಯವರು ಅಂದುಕೊಂಡವರಿಗೆ ಗೇಟಿನಲ್ಲಿ ಗಿರಾಕಿ ಅಂತ ಗೊತ್ತಾದರೆ ಬೇಜಾರಾಗದೇ ಇರುತ್ತದೆಯೇ? ಸವಲತ್ತುಗಳ ಪಟ್ಟಿ ಮಾರಾಟದ ಮೇಜಿನ ಮೇಲೆ ಬಣ್ಣಬಣ್ಣದ ಹಾಳೆಯಲ್ಲಿ ಇರುತ್ತದೆ. ಬದಲಾಗಬಹುದು ಅನ್ನುವ ಸಾಲು ಅದರ ಕೆಳಗೆ ಬೂದು ಬಣ್ಣದಲ್ಲಿ. ಕಾನೂನಿನ ಪ್ರಕಾರ ಎಲ್ಲ ಸರಿ. ರೀಸೇಲ್‌ಗಿಂತ ನೇರ ಕೊಂಡರೆ ಪಾಯಿಂಟಿಗೆ ಎಷ್ಟೋ ಜಾಸ್ತಿ ಕೊಡಬೇಕು. ಆ ಜಾಸ್ತಿ ಯಾಕೆ ಅಂತ ಕೇಳಿದರೆ ಸಿಗುವ ಉತ್ತರಗಳಲ್ಲಿ ನೀಲಿ ಕಾರ್ಡಿನ ಸವಲತ್ತುಗಳೇ ಮುಂದು. ಹಾಗಿದ್ದರೆ ಅವನ್ನು ಕೊಸರು ಅನ್ನಲು ಹೇಗಾಗುತ್ತದೆ? ಆ ಸವಲತ್ತಿಗೆ ಅವರು ಬೆಲೆ ಕೊಟ್ಟಿದ್ದಾರೆ. ನನಗೆ ಮೆಂಬರ್‌ಗಳ ವಾದದಲ್ಲಿ ನಿಜವಾಗಿ ತೂಕ ಕಾಣುವುದು ಇಲ್ಲಿ. ಐವತ್ತು ವರ್ಷದ ಕರಾರನ್ನು ಈ ವರ್ಷದ ಸವಲತ್ತು ತೋರಿಸಿ ಮಾರುವುದು ಕಾನೂನಿಗೆ ಸರಿಯಾಗಿದ್ದರೂ ನನ್ನ ಮನಸ್ಸಿಗೆ ಸರಿ ಕಾಣುವುದಿಲ್ಲ.

ಎಲ್ಲ ಕಡಿತಗಳೂ ಒಂದೇ ತೂಕದವಲ್ಲ. 2016ರದ್ದನ್ನು ನಾನು ಅಷ್ಟಾಗಿ ತಪ್ಪು ಅನ್ನುವುದಿಲ್ಲ. ಕಂಪನಿಯ ಜೇಬಿನಿಂದ ಬರುವ ರಿಯಾಯಿತಿಯನ್ನು ಕಂಪನಿಯಿಂದ ಕೊಳ್ಳದವರಿಗೆ ಕೊಡೆವು ಅಂದರು. ಅದೂ ಆ ದಿನದ ನಂತರ ಕೊಂಡವರಿಗೆ ಮಾತ್ರ. 2019ರದ್ದು ಬೇರೆ. ಅಲ್ಲಿ ಕತ್ತರಿ ಬಿದ್ದದ್ದು ಪಾಯಿಂಟಿನ ಮೇಲೇ. ಹಳೆಯ ಮೆಂಬರ್‌ನಿಂದ ಏನನ್ನೂ ಕಿತ್ತುಕೊಂಡಿಲ್ಲ ಅಂತ ಹೇಳಬಹುದು, ಅವನು ರಿವಿಯೆರಾದಲ್ಲಿ ಉಳಿಯಬಹುದು. ಆದರೆ ನಾಳೆ ಅವನು ಪಾಯಿಂಟು ಮಾರಲು ಹೊರಟರೆ ಕೊಳ್ಳುವವನಿಗೆ ಸಿಗುವುದು ಅವನಿಗೆ ಇದ್ದದ್ದಕ್ಕಿಂತ ಸಣ್ಣ ವಸ್ತು. ಅದೇ ಕೋಣೆ, ಅದೇ ಡ್ಯೂಸ್, ಕಡಿಮೆ ಹಕ್ಕು. ಟಿಕೆಟ್ ರಿಯಾಯಿತಿಗಿಂತ ನೂರು ಪಾಲು ದೊಡ್ಡ ವಿಷಯ ಇದು. ಊಟದ ಮೇಜಿನಲ್ಲಿ ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ, ಯಾಕೆಂದರೆ ಇನ್ನೂ ಯಾರಿಗೂ ಮಾರುವ ಯೋಚನೆ ಬಂದಿಲ್ಲ.

ಕೂಗಿದರೆ ಕೆಲವೊಮ್ಮೆ ಕೇಳುತ್ತದೆ ಅನ್ನುವುದೂ ನಿಜ. 2018ರ ಮಾರ್ಚ್‌ನಲ್ಲಿ ಡಿಸ್ನಿಯ ಹೋಟೆಲುಗಳಲ್ಲಿ ರಾತ್ರಿ ಕಾರು ನಿಲ್ಲಿಸಲು ಶುಲ್ಕ ಶುರು ಮಾಡಿದರು. ಪಾಯಿಂಟಿನ ಮೇಲೆ ಬಂದ ಮೆಂಬರ್‌ಗಳಿಗೆ ಅದರಿಂದ ವಿನಾಯಿತಿ ಇತ್ತು. ಜನ ಬೈದರು. 2023ರ ಜನವರಿಯಲ್ಲಿ ಆ ಶುಲ್ಕ ಎಲ್ಲರಿಗೂ ಹೋಯಿತು. ಆಗ ಕೆಲವು ಮೆಂಬರ್‌ಗಳು "ಈಗ ನಮ್ಮ ವಿಶೇಷ ಏನುಳಿಯಿತು?" ಅಂದದ್ದನ್ನು ಕೇಳಿ ನನಗೆ ನಗು ಬಂತು. ತಮಗೆ ಸಿಗುವುದಷ್ಟೇ ಅಲ್ಲ, ಬೇರೆಯವರಿಗೆ ಸಿಗದಿರುವುದೂ ಸವಲತ್ತೇ, ಅಲ್ವಾ?

ನಾನಾದರೆ ಏನು ಮಾಡುತ್ತಿದ್ದೆ ಅಂತ ಕೇಳಿದರೆ, 1991ರ ದಾರಿಗೇ ಹೋಗುತ್ತಿದ್ದೆ. ನೇರ ಕೊಂಡವರಿಗೆ, ಪಾಯಿಂಟಿನ ಮೇಲೆ ಉಳಿದ ದಿನಗಳಿಗೆ, ಇಂತಿಷ್ಟು ರಿಯಾಯಿತಿ, ಇಂಥ ವರ್ಷದವರೆಗೆ. ಅಷ್ಟು ಕರಾರಿನ ಕಾಗದದಲ್ಲಿ. ಜನ ಕಡಿಮೆ ಇರುವ ತಿಂಗಳುಗಳಿಗೆ ಮಾತ್ರ ಅಂದರೂ ಪರವಾಗಿಲ್ಲ. ದಿನಾಂಕ ಬರೆಯಲು ಆಗದ ಸವಲತ್ತನ್ನು ಮಾರಾಟದ ಹಾಳೆಗೆ ಹಾಕುವುದೇ ಬೇಡ. ಕೊಳ್ಳುವವರು ಸವಲತ್ತುಗಳಿಗೆಲ್ಲ ಸೊನ್ನೆ ಬೆಲೆ ಹಾಕಿ ಲೆಕ್ಕ ಮಾಡಲಿ. ಸೊನ್ನೆ ಹಾಕಿದರೂ ಲಾಭ ಕಂಡರೆ ಕೊಳ್ಳಲಿ. ಫ್ಲಾರಿಡಾದಲ್ಲಿ ಸಹಿ ಹಾಕಿದ ಮೇಲೂ ಹತ್ತು ದಿನ ಸಮಯ ಇದೆ. ಅಷ್ಟರೊಳಗೆ ಬರೆದು ಕಳಿಸಿದರೆ ಕರಾರು ರದ್ದು, ಆ ಹಕ್ಕನ್ನು ನೀವೇ ಬೇಡ ಅಂದರೂ ಬಿಟ್ಟುಕೊಡಲು ಕಾನೂನು ಬಿಡುವುದಿಲ್ಲ. ರಜೆಯ ಗುಂಗಿನಲ್ಲಿ ಸಹಿ ಹಾಕಿ, ಮನೆಗೆ ಬಂದು ಅನ್ನ ಸಾರು ತಿಂದ ಮೇಲೆ ಲೆಕ್ಕ ಮಾಡುವವರು ಬಹಳ ಜನ. ಆ ಹತ್ತು ದಿನ ಅವರಿಗಾಗಿಯೇ ಇರುವುದು.

ಈಗಾಗಲೇ ಕೊಂಡವರಿಗೆ ಹೇಳುವುದು ಜಾಸ್ತಿ ಏನಿಲ್ಲ. ಒಂದು ವಿಷಯ ಮಾತ್ರ ನನಗೆ ಕುತೂಹಲ. ಓಲ್ಡ್ ಕೀ ವೆಸ್ಟ್, ಬೋರ್ಡ್‌ವಾಕ್, ಬೀಚ್ ಕ್ಲಬ್, ಬೋಲ್ಡರ್ ರಿಡ್ಜ್, ವೀರೋ ಬೀಚ್, ಹಿಲ್ಟನ್ ಹೆಡ್, ಈ ಆರೂ ಕಡೆಯ ಮೂಲ ಕರಾರು ಒಂದೇ ದಿನ, 2042ರ ಜನವರಿ 31ಕ್ಕೆ ಮುಗಿಯುತ್ತದೆ. ಓಲ್ಡ್ ಕೀ ವೆಸ್ಟ್‌ನವರಿಗೆ ಮಾತ್ರ 2007ರಲ್ಲಿ ದುಡ್ಡು ಕೊಟ್ಟು 2057ರವರೆಗೆ ಮುಂದುವರಿಸುವ ಅವಕಾಶ ಕೊಟ್ಟಿದ್ದರು. ಎಷ್ಟೋ ಜನ ಬೇಡ ಅಂದರು. ಆ ದಿನ ಹತ್ತಿರವಾದಂತೆ ಸಾವಿರಾರು ಮನೆಯವರು ಮತ್ತೆ ಯಾವ ಕರಾರೂ ಇಲ್ಲದ ಗಿರಾಕಿಗಳಾಗುತ್ತಾರೆ. ಮತ್ತೊಮ್ಮೆ ಕೊಳ್ಳಬೇಕೇ, ಸಾಕೇ ಅಂತ ಅನುಮಾನಿಸುವವರು. ಅವರನ್ನು ಉಳಿಸಿಕೊಳ್ಳಲು ಪಾರ್ಕ್ ಟಿಕೆಟ್ ಮತ್ತೆ ಮಾರಾಟದ ಮೇಜಿನ ಮೇಲೆ ಬಂದರೆ ನನಗೆ ಆಶ್ಚರ್ಯವಿಲ್ಲ. ಬೀಚ್ ಕ್ಲಬ್ಬಿನಲ್ಲಿ ಪಾಯಿಂಟು ಇಟ್ಟುಕೊಂಡಿರುವ ನನ್ನ ಸ್ನೇಹಿತೆಗೆ ಇದನ್ನು ಹೇಳಿದೆ. "ಅಷ್ಟೊತ್ತಿಗೆ ನಮ್ಮ ಮಕ್ಕಳಿಗೇ ಮಕ್ಕಳಾಗಿರುತ್ತವೆ, ಅವರೇ ಚೌಕಾಸಿ ಮಾಡಿಕೊಳ್ಳಲಿ ಬಿಡಿ" ಅಂದಳು.